ಹಸಿವೆ ಮಾತು ತಪ್ಪಿದಾಗ



ಕಳೆದ ಸಂಚಿಕೆಯಲ್ಲಿ ಮಾವಿನ ಉಪ್ಪಿನಕಾಯಿ ಬಗ್ಗೆ ಬರೆದದ್ದಕ್ಕೆ ಬಂದ ಪತ್ರಗಳು ನನ್ನ ಮುಂದೆ ಕಟ್ಟಾಗಿ ಕೂತಿವೆ. ಅವಕ್ಕೆಲ್ಲ ಉತ್ತರ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಸಲದ ಪುಟ ಒಂದೇ ಪತ್ರಕ್ಕೆ ಮೀಸಲು. ದೇವದುರ್ಗದ ತಾಯಿಯೊಬ್ಬರು ಬರೆದದ್ದು. ಹೆಸರು ಹಾಕಬೇಡಿರೆಂದು ಎರಡು ಸಲ ಗೆರೆ ಎಳೆದು ಹೇಳಿದ್ದಾರೆ, ಹಾಕುವುದಿಲ್ಲ. ಅವರ ಪತ್ರದ ಮುಖ್ಯ ಭಾಗ ಇದು:

"ನನ್ನ ಮಗಳಿಗೆ ಈಗ ಹದಿನಾರು. ಹೋದ ವರ್ಷ ಊಟ ಬಿಡುತ್ತ ಬಿಡುತ್ತ ಎಲುಬು ಎಣಿಸುವಂತಾಗಿದ್ದಳು. ಬೆಂಗಳೂರಿಗೆ ಕರಕೊಂಡು ಹೋಗಿ ಆರು ವಾರ ಆಸ್ಪತ್ರೆಯಲ್ಲಿಟ್ಟು ಬಂದೆವು. ಅನೊರೆಕ್ಸಿಯಾ ನರ್ವೋಸಾ ಎಂದು ರೋಗದ ಹೆಸರು ಹೇಳಿದರು. ಈಗ ಮನೆಯಲ್ಲಿದ್ದಾಳೆ. ದಿನಕ್ಕೆ ಆರು ಹೊತ್ತು ಉಣ್ಣಿಸಿರಿ ಅಂದಿದ್ದಾರೆ. ಆಕೆ ನೋಡಿದರೆ ನಾಲ್ಕು ತುತ್ತಿಗೇ 'ಹೊಟ್ಟಿ ತುಂಬ್ಯಾದವ್ವಾ, ಹಸಿವಿಲ್ಲ' ಅಂತ ಕಣ್ಣೀರು ಹಾಕ್ತಾಳೆ. ನಮ್ಮ ಅತ್ತೆಯವರು 'ಹಸಿವಿಲ್ಲದವರಿಗೆ ತುರುಕಬಾರದು, ಹಸಿದಾಗ ತಾನೇ ಕೇಳ್ತಾಳ ಬಿಡು' ಅಂತಾರೆ. ಇನ್ನೊಂದು ವಿಷಯ ಬರೆಯಲು ನಾಚಿಕೆ. ಮೊನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆ ಐದೋ ಆರೋ ತಿಂದು, ಆಮೇಲೆ ಒಲೆಯ ಮುಂದೆ ಕೂತು ಅತ್ತಳು. ಇದು ಹೊಸ ರೋಗವೇ? ಶ್ರಾವಣ ಸೋಮವಾರ ಉಪವಾಸ ಮಾಡುತ್ತೇನೆಂದು ಬೇರೆ ಹಟ ಹಿಡಿದಿದ್ದಾಳೆ. ನಾನು ಯಾರ ಮಾತು ಕೇಳಲಿ?"

ತಾಯೀ, ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆಸ್ಪತ್ರೆಯವರ ಮಾತು ಕೇಳಿರಿ. ಆರು ಹೊತ್ತು ಅಂದರೆ ಆರು ಹೊತ್ತು. ನಿಮ್ಮ ಅತ್ತೆಯವರನ್ನು ನಾನು ದೂರುವುದಿಲ್ಲ. ಗಟ್ಟಿಮುಟ್ಟಾದ ಮಗುವಿಗೆ ಅವರ ಮಾತು ಬಂಗಾರದಂಥದು. ನಮ್ಮ ಮಕ್ಕಳನ್ನೆಲ್ಲ ನಾವು ಹಾಗೇ ಬೆಳೆಸಿದೆವು. ಆದರೆ ಈ ರೋಗದಿಂದ ಏಳುತ್ತಿರುವ ಹುಡುಗಿಗೆ ಅದೇ ಮಾತು ಕುತ್ತಾಗುತ್ತದೆ. ಯಾಕೆಂದರೆ ಹಸಿವೆ ಎಂಬುದೇ ಅವಳ ದೇಹದಲ್ಲಿ ಕೆಟ್ಟು ಕೂತಿದೆ. ನಿಂತ ಗಡಿಯಾರ ನೋಡಿ ಯಾರಾದರೂ ಬಸ್ಸಿಗೆ ಹೊರಡುತ್ತಾರೆಯೇ?

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ ತನಕ, ಡಾಕ್ಟರಿಕೆ ನನಗೆ ಗೊತ್ತಿಲ್ಲ. ಮಾನ್ವಿಯಲ್ಲಿರುವ ನನ್ನ ತಂಗಿಯ ಮಗಳು ಇದೇ ದಾರಿಯಲ್ಲಿ ಹೋಗಿ ಬಂದಳು. ಆ ಎರಡು ವರ್ಷ ನಾನು ರಾಯಚೂರಿನಿಂದ ಮಾನ್ವಿಗೆ ಎಷ್ಟು ಸಲ ಬಸ್ಸು ಹತ್ತಿದ್ದೇನೋ ಲೆಕ್ಕವಿಲ್ಲ. ಅವಳ ತೂಕ ಎಷ್ಟಕ್ಕೆ ಇಳಿದಿತ್ತೆಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಈ ಪುಟ ಹುಡುಗಿಯರೂ ಓದುತ್ತಾರೆ, ಇಂಥ ಅಂಕಿಯನ್ನು ಪಂದ್ಯದಂತೆ ಹಿಡಿದುಕೊಳ್ಳುವವರು ಇದ್ದಾರೆ.

ಅವಳದು ಉಪವಾಸದಿಂದಲೇ ಶುರುವಾಯಿತು. ಮೊದಲು ಸೋಮವಾರ, ಆಮೇಲೆ ಗುರುವಾರ ರಾಯರ ಹೆಸರಿಗೆ ಒಪ್ಪತ್ತು, ಆಮೇಲೆ ಶನಿವಾರ. ಭಕ್ತಿ ಬಂತೆಂದು ಮನೆಯವರಿಗೆಲ್ಲ ಸಂತೋಷವೇ. ರೊಟ್ಟಿ ಮುರಿದು ಮುರಿದು ಪಲ್ಯದ ಕೆಳಗೆ ಮುಚ್ಚಿಡುವುದು ನನ್ನ ಕಣ್ಣಿಗೆ ಬಿದ್ದದ್ದು ಪಂಚಮಿಗೆ ಹೋದಾಗ. ವಿಚಿತ್ರವೆಂದರೆ ಅಡಿಗೆ ಮಾಡುವುದರಲ್ಲಿ ಅವಳಿಗೆ ಎಲ್ಲಿಲ್ಲದ ಆಸೆ. ಇಂಥ ಪತ್ರಿಕೆಗಳಿಂದ ಅಡಿಗೆ ವಿಧಾನಗಳನ್ನು ಚೆಂದಾಗಿ ನೋಟುಬುಕ್ಕಿಗೆ ಬರಕೊಂಡು, ಎಲ್ಲರಿಗೂ ಮಾಡಿ ಬಡಿಸಿ, ತಾನು ಮಾತ್ರ "ನಂದಾತು ದೊಡ್ಡವ್ವ" ಅನ್ನುವಳು. ಹೊಟ್ಟೆಯಲ್ಲಿ ಹುಳು, ಕಾಮಾಲೆ, ದೃಷ್ಟಿ, ಎಲ್ಲ ಆಯಿತು. ಮೊದಲು ತೋರಿಸಿದ ಡಾಕ್ಟರರು ಹಸಿವು ಹೆಚ್ಚಿಸುವ ಟಾನಿಕ್ ಬರೆದು ಕಳಿಸಿದರು. ತಿಂಗಳ ಮುಟ್ಟು ನಿಂತ ಮೇಲೆಯೇ ತಂಗಿಗೆ ದಿಗಿಲು ಬಿದ್ದದ್ದು.

ನಮ್ಮ ಜಿಲ್ಲೆಯಲ್ಲಿ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಸೊರಗುವುದೆಂದರೆ ನಮಗೆ ಬಡತನ. 2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆಯ ಸುದ್ದಿ ರಾಜ್ಯವೆಲ್ಲ ಸುತ್ತಿತು, ದೇವದುರ್ಗದ ಹೆಸರೂ ಅದರಲ್ಲಿತ್ತು. ಅನ್ನ ಸಿಗದೆ ಸೊರಗುವುದು ನಮಗೆ ಗೊತ್ತು. ಅಕ್ಕಿ ಚೀಲ ತುಂಬಿದ ಮನೆಯಲ್ಲಿ ಉಣ್ಣಲಾಗದೆ ಸೊರಗುವುದೆಂದರೆ "ಸೊಕ್ಕು" ಅಂತಾರೆ. ನನ್ನ ತಂಗಿಗೂ ಹಾಗೇ ಅಂದರು. ಆದರೆ ಬೆಂಗಳೂರಿನಲ್ಲಿ ಮನೋವೈದ್ಯರ ನಡುವೆ ಒಂದು ವಿಚಾರಣೆ ನಡೆದು 2012ರಲ್ಲಿ ಪ್ರಕಟವಾಗಿದೆ. ನಿಮ್ಹಾನ್ಸಿನ ಡಾ. ಪ್ರಭಾ ಚಂದ್ರ ಮತ್ತು ಜೊತೆಯವರು ಮಾಡಿದ್ದು. ಕೇಳಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಊಟಕ್ಕೆ ಸಂಬಂಧಿಸಿದ ಇಂಥ ಕಾಯಿಲೆಯ ಒಬ್ಬರನ್ನಾದರೂ ನೋಡಿದ್ದರಂತೆ. ಅಂದಮೇಲೆ ಇದು ಬರೀ ವಿಲಾಯಿತಿಯವರ ರೋಗವಲ್ಲ.

ಈಗ ಹಸಿವೆಯ ಮಾತಿಗೆ ಬರೋಣ. ಬೆಂಗಳೂರಿನ ಡಾಕ್ಟರಮ್ಮನವರು ಚೀಟಿಯ ಹಿಂಭಾಗದಲ್ಲಿ ಚಿತ್ರ ಬರೆದು ನನಗೂ ತಂಗಿಗೂ ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಹಸಿವೆ ಹೊಟ್ಟೆಯಲ್ಲಿ ಹುಟ್ಟುತ್ತದೆಂದು ನಾವು ತಿಳಿದಿದ್ದೇವೆ. ಪೂರಾ ನಿಜವಲ್ಲ. ಹೊಟ್ಟೆ, ಕರುಳು, ಮೈಯ ಕೊಬ್ಬು, ಇವು ಒಂದೊಂದೂ ರಕ್ತದಲ್ಲಿ ಒಂದೊಂದು ರಸವನ್ನು ಬಿಟ್ಟು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಇವಕ್ಕೇ ಹಾರ್ಮೋನು ಅನ್ನುವುದು. ಮೆದುಳು ಎಲ್ಲರ ಸುದ್ದಿ ಕೇಳಿ "ಉಣ್ಣು" ಅಥವಾ "ಸಾಕು" ಎಂದು ತೀರ್ಮಾನ ಮಾಡುತ್ತದೆ.

ಕೊಬ್ಬು ಕಳಿಸುವ ರಸದ ಹೆಸರು ಲೆಪ್ಟಿನ್. 1994ರಲ್ಲಿ ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಇದನ್ನು ಕಂಡುಹಿಡಿದರು. ಗ್ರೀಕ್ ಭಾಷೆಯಲ್ಲಿ ತೆಳ್ಳಗೆ ಎಂಬರ್ಥದ ಮಾತಿನಿಂದ ಆ ಹೆಸರು ಬಂದಿದೆ. ಇದರ ಕೆಲಸ ನಮ್ಮ ಕಡೆಯವರಿಗೆ ಸುಲಭವಾಗಿ ತಿಳಿಯುತ್ತದೆ. ತುಂಗಭದ್ರಾ ಅಣೆಕಟ್ಟಿನ ನೀರಿನ ಮಟ್ಟ ಪೇಪರಿನಲ್ಲಿ ಬರುತ್ತದಲ್ಲ, ನಮ್ಮ ಯಜಮಾನರು ಮೊದಲು ಅದನ್ನೇ ಓದುತ್ತಾರೆ. ಲೆಪ್ಟಿನ್ ಅಂದರೆ ಮೈಯ ಕೊಬ್ಬಿನ ಅಣೆಕಟ್ಟಿನಿಂದ ಮೆದುಳಿಗೆ ಹೋಗುವ ಮಟ್ಟದ ವರದಿ. ನೀರು ಕಡಿಮೆಯಾದರೆ ಎಡದಂಡೆ ಕಾಲುವೆಗೆ ಏನು ಮಾಡುತ್ತಾರೆ? ಸರದಿ ಹಾಕುತ್ತಾರೆ, ತೂಬು ಮುಚ್ಚುತ್ತಾರೆ, ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಮೆದುಳೂ ಅದನ್ನೇ ಮಾಡುತ್ತದೆ. ಲೆಪ್ಟಿನ್ ತೀರ ಇಳಿದ ಸುದ್ದಿ ಬಂದೊಡನೆ ತಿಂಗಳ ಮುಟ್ಟು ನಿಲ್ಲಿಸುತ್ತದೆ. ಮೈ ತಣ್ಣಗಾಗುತ್ತದೆ, ನಾಡಿ ನಿಧಾನವಾಗುತ್ತದೆ, ತಲೆಗೂದಲು ಉದುರುತ್ತದೆ. ಎಲುಬು ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಅದು ಸವೆಯತೊಡಗುತ್ತದೆ. ಮಾನ್ವಿಯ ಬಿಸಿಲಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ನಮ್ಮ ಹುಡುಗಿ ಶಾಲು ಹೊದ್ದು ಕೂಡುತ್ತಿದ್ದಳೆಂದರೆ ನಂಬುತ್ತೀರಾ? ಮನೆಯಲ್ಲಿ ಜೋಳ ಇಲ್ಲವೋ, ಇದ್ದೂ ತಿನ್ನುತ್ತಿಲ್ಲವೋ, ಆ ಭೇದ ದೇಹಕ್ಕೆ ತಿಳಿಯುವುದಿಲ್ಲ. ಅದರ ಮಟ್ಟಿಗೆ ಎರಡೂ ಬರಗಾಲವೇ.

ಹೊಟ್ಟೆ ಕಳಿಸುವ ರಸ ಗ್ರೆಲಿನ್. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಎಂಬುವರು ಕಂಡುಹಿಡಿದದ್ದು. ಊಟದ ಹೊತ್ತಿಗೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಹಾಗಿದ್ದರೆ ಈ ಹುಡುಗಿಯರಲ್ಲಿ ಗ್ರೆಲಿನ್ ಕಡಿಮೆ ಇರಬೇಕೆಂದು ನಾನು ಅಂದುಕೊಂಡೆ. ಹಾಗಲ್ಲ, ಜಾಸ್ತಿಯೇ ಇರುತ್ತದಂತೆ! ಹೊಟ್ಟೆ ಕೂಗುತ್ತಲೇ ಇರುತ್ತದೆ, ಕೇಳುವ ಕಿವಿ ಮಂದವಾಗಿರುತ್ತದೆ ಎಂಬುದು ವೈದ್ಯರ ಅಂದಾಜು. ಅಂದಹಾಗೆ ಅನೊರೆಕ್ಸಿಯಾ ಎಂಬ ಮಾತಿಗೆ ಅರ್ಥ ಹಸಿವಿಲ್ಲದಿರುವುದು ಎಂದಂತೆ. 1870ರ ದಶಕದಲ್ಲಿ ಲಂಡನ್ನಿನ ಡಾ. ವಿಲಿಯಂ ಗಲ್ ಇಟ್ಟ ಹೆಸರು. ಈಗ ನೋಡಿದರೆ ಹೆಸರೇ ಅಷ್ಟು ಸರಿಯಿಲ್ಲ. ಹಸಿವೆ ಇಲ್ಲದೇ ಇರುವುದಿಲ್ಲ, ಅದರ ಮಾತು ಮುಟ್ಟುವುದಿಲ್ಲ.

ಮೂರನೆಯದು ಕರುಳಿನಿಂದ ಬರುವುದು, ಪೆಪ್ಟೈಡ್ ವೈವೈ ಎಂದು ಹೆಸರು. "ಸಾಕು, ಸಾಕು" ಅನ್ನುವುದು ಇದರ ಕೆಲಸ. ಹಸಿದ ಮೈಯಲ್ಲಿ ಇದು ಸುಮ್ಮನಿರಬೇಕು. ಈ ರೋಗದ ಹುಡುಗಿಯರಲ್ಲಿ ಅದು ಜಾಸ್ತಿ ಇರುವುದನ್ನು ಕಂಡಿದ್ದಾರೆ, ತೂಕ ಬಂದ ಮೇಲೂ ಕೆಲವರಲ್ಲಿ ಬೇಗ ಇಳಿಯುವುದಿಲ್ಲವಂತೆ. ಇದರ ಮೇಲೆ ಬಹಳ ದಿನ ಕೆಲಸವಿಲ್ಲದ ಜಠರ ಮೈಗಳ್ಳನಾಗಿರುತ್ತದೆ. ಬೆಳಿಗ್ಗೆ ತಿಂದ ಇಡ್ಲಿ ಮಧ್ಯಾಹ್ನದ ತನಕ ಅಲ್ಲೇ ಕೂತಿರುತ್ತದೆ, ಮುಂದೆ ಹೋಗುವುದಿಲ್ಲ. ಹೊಟ್ಟೆ ಉಬ್ಬರ, ಹುಳಿತೇಗು.

ಈಗ ಹೇಳಿ, ನಿಮ್ಮ ಮಗಳು "ಹೊಟ್ಟಿ ತುಂಬ್ಯಾದ" ಅನ್ನುವುದು ಸುಳ್ಳೇ? ಅಲ್ಲ. ಅವಳಿಗೆ ತುಂಬಿದೆಯೆಂದೇ ಅನ್ನಿಸುತ್ತದೆ. ಆದರೆ ಆ ಸುದ್ದಿಯೇ ತಪ್ಪು. ಇದನ್ನು ತಿಳಿಯದೆ ನಾವು ದೊಡ್ಡವರು ಏನೆಲ್ಲ ಅಂದೆವು ಆ ಮಗುವಿಗೆ! "ನಾಟಕ ಮಾಡ್ತಿ" ಅಂದದ್ದು ನಾನೇ. ಅವಳು ಮರೆತಿರಬಹುದು, ನನಗೆ ಮರೆತಿಲ್ಲ. ದಪ್ಪಗಾಗುವ ಹೆದರಿಕೆಯನ್ನು ಬಾಯಿಬಿಟ್ಟು ಹೇಳುವವರೇ ಈ ರೋಗದವರು ಎಂದು ಮೊದಲು ತಿಳಿದಿದ್ದರಂತೆ. 1990ರ ದಶಕದಲ್ಲಿ ಹಾಂಕಾಂಗಿನ ಡಾ. ಸಿಂಗ್ ಲೀ ತಮ್ಮಲ್ಲಿಗೆ ಬಂದ ಹುಡುಗಿಯರಲ್ಲಿ ಅನೇಕರು ಆ ಮಾತೇ ಆಡದೆ, ಹೊಟ್ಟೆ ಉಬ್ಬರ, ಹಸಿವಿಲ್ಲ ಎಂದಷ್ಟೇ ಹೇಳುವುದನ್ನು ಬರೆದರು. ನಮ್ಮ ದೇಶದಲ್ಲೂ ಹಾಗೆ ಹೇಳುವವರನ್ನು ಕಂಡಿದ್ದಾರೆ. ನಮ್ಮ ಹುಡುಗಿಯೂ ಒಮ್ಮೆಯೂ "ದಪ್ಪ" ಎಂಬ ಮಾತು ಆಡಲಿಲ್ಲ.

ಹಾಗಾದರೆ ಈ ಸುದ್ದಿಯವರು ಸರಿಯಾಗುವುದು ಯಾವಾಗ? ಊಟದಿಂದಲೇ, ಬೇರೆ ದಾರಿಯಿಲ್ಲ. ಹಸಿವೆ ಬಂದ ಮೇಲೆ ಊಟ ಎಂಬ ಲೋಕದ ಕ್ರಮ ಇಲ್ಲಿ ತಲೆಕೆಳಗು. ಊಟ ಮೊದಲು, ಎಷ್ಟೋ ತಿಂಗಳ ಮೇಲೆ ಹಸಿವೆ. ಹೊತ್ತು ಹೊತ್ತಿಗೆ ಉಣ್ಣುತ್ತ ಹೋದರೆ ಜಠರದ ಮೈಗಳ್ಳತನ ಕೆಲವು ವಾರಗಳಲ್ಲೇ ಹಗುರಾಗುತ್ತದೆ. ತೂಕ ಬಂದಂತೆ ಗ್ರೆಲಿನ್ ಇಳಿಯುತ್ತದೆ, ಲೆಪ್ಟಿನ್ ಏರುತ್ತದೆ. ಮುಚ್ಚಿದ ತೂಬುಗಳು ಒಂದೊಂದಾಗಿ ತೆರೆಯುತ್ತವೆ, ಮುಟ್ಟು ಸಾಮಾನ್ಯವಾಗಿ ಕಡೆಯಲ್ಲಿ. ಅದಕ್ಕೇ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯವರು 1980ರ ದಶಕದಲ್ಲಿ ಒಂದು ಪದ್ಧತಿ ಶುರುಮಾಡಿದರು. ಹುಡುಗಿಗೆ ಏನು, ಎಷ್ಟು, ಯಾವಾಗ ಎಂಬುದನ್ನು ಸದ್ಯಕ್ಕೆ ತಂದೆ ತಾಯಿಯೇ ನಿಶ್ಚಯಿಸಿ, ಪಕ್ಕದಲ್ಲಿ ಕೂತು ಉಣ್ಣಿಸುವುದು. ಬಲವಂತದಿಂದ ಬಾಯಿಗೆ ತುರುಕುವುದಲ್ಲ, ಬೈಯುವುದಲ್ಲ. ಜ್ವರ ಬಂದವರಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಹಾಗೆ ತಟ್ಟೆ ಮುಂದಿಡುವುದು. ಮಾನ್ವಿಯಲ್ಲಿ ತಂಗಿ ಗಡಿಯಾರದ ಕೆಳಗೆ ಆರು ಹೊತ್ತನ್ನು ಬರೆದು ಅಂಟಿಸಿದಳು. ಉಣ್ಣುವಾಗ ಊಟದ ಮಾತಿಲ್ಲ, ಎಷ್ಟು ತುತ್ತೆಂಬ ಲೆಕ್ಕವಿಲ್ಲ. ಅವಳಪ್ಪ ಊರ ಸುದ್ದಿ ಹೇಳುವರು, ರೇಡಿಯೋ ಹಾಡುತ್ತಿತ್ತು. ಒಂದು ತಾಸು ಹಿಡಿದ ಊಟವೂ ಇತ್ತು, ತಟ್ಟೆ ಗೋಡೆಗೆ ಬಡಿದದ್ದೂ ಇತ್ತು. "ಹಸಿವಿಲ್ಲ" ಅಂದಾಗ ತಂಗಿ ಹೇಳುತ್ತಿದ್ದದ್ದು ಒಂದೇ ಮಾತು: "ಗೊತ್ತದವ್ವಾ, ಹಸಿವು ಆಮ್ಯಾಲ ಬರ್ತದ. ಈಗ ಹೊತ್ತಾತು, ಉಣ್ಣು."

ಒಂದು ಎಚ್ಚರಿಕೆ. ಬಹಳ ದಿನ ಉಪವಾಸವಿದ್ದ ಮೈಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸುವುದು ಅಪಾಯ. ರಕ್ತದಲ್ಲಿ ರಂಜಕದ ಅಂಶ ಥಟ್ಟನೆ ಇಳಿದು ಹೃದಯಕ್ಕೆ ತೊಂದರೆಯಾಗುತ್ತದೆ. ಎರಡನೆಯ ಮಹಾಯುದ್ಧ ಮುಗಿದು ಸೆರೆಯಿಂದ ಬಿಡುಗಡೆಯಾದವರಲ್ಲಿ ಇದನ್ನು ಕಂಡಿದ್ದರು. ಅಪೌಷ್ಟಿಕತೆಯ ಮಕ್ಕಳನ್ನು ಸೇರಿಸುವ ಪುನಶ್ಚೇತನ ಕೇಂದ್ರಗಳಲ್ಲೂ ಮೊದಲು ತೆಳು ಹಾಲಿನ ಆಹಾರ, ಆಮೇಲೆ ಗಟ್ಟಿಯದು. ಆದ್ದರಿಂದ ಮೊದಲ ವಾರಗಳ ಅಳತೆ ವೈದ್ಯರದೇ, ರಕ್ತ ಪರೀಕ್ಷೆ ಮಾಡುತ್ತ ಏರಿಸುತ್ತಾರೆ. ನಿಮ್ಮ ಮಗಳು ಆ ಹಂತ ದಾಟಿ ಮನೆಗೆ ಬಂದಿದ್ದಾಳೆ. ಇದನ್ನು ಓದುವ ಬೇರೆ ತಾಯಂದಿರು, ಮಗಳನ್ನು ಇನ್ನೂ ಎಲ್ಲೂ ತೋರಿಸದವರು, ಸ್ವಂತ ಧೈರ್ಯದಿಂದ ಶುರುಮಾಡಬೇಡಿ. ಕಾಲು ಬಾತರೆ, ತಲೆಸುತ್ತಿ ಬಿದ್ದರೆ, ಎದೆ ಡವಡವ ಅಂದರೆ, ಮಾತು ತೊದಲಿದರೆ ಅದೇ ಗಳಿಗೆಗೆ ಆಸ್ಪತ್ರೆ. ಬದುಕು ಬೇಡವೆಂಬ ಮಾತು ಬಾಯಲ್ಲಿ ಬಂದರೂ ಅಷ್ಟೇ, ನಾಳೆ ಅನ್ನಬೇಡಿ.

ಇನ್ನು ಹೋಳಿಗೆಯ ವಿಷಯ. ನಿಮಗೆ ನಾಚಿಕೆ ಯಾಕೆ? ಓದಿ ನನಗೆ ಒಂದು ಗಳಿಗೆ ಸಂತೋಷವೇ ಆಯಿತು. ಅಮೆರಿಕದ ಮಿನ್ನೆಸೋಟದಲ್ಲಿ 1944ರಿಂದ 45ರ ವರೆಗೆ ಆನ್ಸೆಲ್ ಕೀಸ್ ಎಂಬವರು ಒಂದು ಪ್ರಯೋಗ ಮಾಡಿದರು. ಯುದ್ಧದಲ್ಲಿ ಬಂದೂಕು ಹಿಡಿಯಲೊಪ್ಪದ 36 ಜನ ಗಟ್ಟಿ ತರುಣರು ತಾವಾಗಿ ಒಪ್ಪಿ ಆರು ತಿಂಗಳು ಅರೆಹೊಟ್ಟೆ ಉಂಡರು. ಮೈತೂಕದಲ್ಲಿ ಕಾಲು ಭಾಗದಷ್ಟು ಕರಗಿತು. ಆ ಗಂಡಸರು ಮಾಡತೊಡಗಿದ್ದೇನು ಗೊತ್ತೇ? ಅಡಿಗೆ ಪುಸ್ತಕ ಓದುವುದು, ಅಡಿಗೆ ವಿಧಾನ ಸಂಗ್ರಹಿಸುವುದು! ಇದನ್ನು ಕೇಳಿದಾಗ ನಮ್ಮ ಹುಡುಗಿಯ ನೋಟುಬುಕ್ಕು ನೆನಪಾಗಿ ನನ್ನ ಮೈ ಜುಂ ಅಂದಿತು. ಅವಳ ಅಡಿಗೆಯ ಹುಚ್ಚು ಹಸಿದ ಮೆದುಳಿನ ಹುಚ್ಚಾಗಿತ್ತು. ಪ್ರಯೋಗ ಮುಗಿದು ಊಟ ಬಿಟ್ಟುಕೊಟ್ಟಾಗ ಅವರಲ್ಲಿ ಕೆಲವರು ರಾಶಿ ರಾಶಿ ತಿಂದರು. ಹೊಟ್ಟೆ ಬಿರಿಯುವಂತಿದ್ದರೂ ಹಸಿವು ತೀರಲಿಲ್ಲ ಅನ್ನುತ್ತಿದ್ದರಂತೆ. ಅವರಿಗೆ ಮನೋರೋಗವಿರಲಿಲ್ಲ, ಮೈ ತನ್ನ ಬಾಕಿ ವಸೂಲು ಮಾಡುತ್ತಿತ್ತು.

ನಿಮ್ಮ ಮಗಳಿಗೆ ಆ ರಾತ್ರಿ ಆದದ್ದೂ ಬಹುಶಃ ಅದೇ. ಕೇಳದ ಕಿವಿಗೆ ಒಮ್ಮೆ ಹೊಟ್ಟೆಯ ಕೂಗು ಕೇಳಿಸಿತು. ಜೊತೆಗೆ, ಚೇತರಿಸಿಕೊಳ್ಳುವ ದೇಹ ಬೆಂಕಿಯಂತೆ ಉರಿಯುತ್ತದೆ, ಓರಗೆಯ ಹುಡುಗಿಯರಿಗಿಂತ ಹೆಚ್ಚೇ ಬೇಡುತ್ತದೆ. ರಾತ್ರಿ ಬೆವರುವವರೂ ಇದ್ದಾರೆ. ಆದ್ದರಿಂದ ಡಬ್ಬಿಗೆ ಬೀಗ ಹಾಕಬೇಡಿ, "ಆರು ತಿಂದ್ಯಾ?" ಎಂದು ಎಣಿಸಬೇಡಿ, ಮಾರನೆಯ ಬೆಳಗಿನ ತಿಂಡಿ ತಪ್ಪಿಸಲು ಬಿಡಬೇಡಿ. ಒಂದು ಮಾತ್ರ ಗಮನಿಸಿ. ತಿಂದು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದರೆ, ಅಥವಾ ಹೀಗೆ ಕದ್ದು ತಿಂದು ಅಳುವುದು ಮತ್ತೆ ಮತ್ತೆ ಆದರೆ, ವೈದ್ಯರಿಗೆ ತಿಳಿಸಲೇಬೇಕು.

ತೂಕ ಏರುತ್ತ ಏರುತ್ತ ಒಂದು ಕಡೆ ನಿಂತುಬಿಡುತ್ತದೆ, ಆಗ ಎದೆಗೆಡಬೇಡಿ. ಬೇಗ ತೂಕ ಬರುವಾಗ ಲೆಪ್ಟಿನ್ ಒಮ್ಮೊಮ್ಮೆ ಇರಬೇಕಾದ್ದಕ್ಕಿಂತ ಮೇಲೆ ಹಾರುತ್ತದಂತೆ. ಹೊಸ ನೀರಿನ ಸೆಳವಿಗೆ ಅಳತೆಗೋಲು ಹೆಚ್ಚು ತೋರಿಸಿದ ಹಾಗೆ. ಮೆದುಳು ಕೆರೆ ತುಂಬಿತೆಂದು ತಿಳಿದು ಊಟ ಒಲ್ಲೆ ಅನ್ನುತ್ತದೆ. ಆಗಲೂ ಗಡಿಯಾರವೇ ಗತಿ. ಮೊದಮೊದಲು ಕೊಬ್ಬು ಹೊಟ್ಟೆಯ ಸುತ್ತಲೇ ಕೂಡುವುದುಂಟು, ತಿಂಗಳುಗಳು ಕಳೆದಂತೆ ಮೈಗೆಲ್ಲ ಹಂಚಿಕೊಳ್ಳುತ್ತದೆ. ಇದನ್ನು ಮಗಳಿಗೆ ಮೊದಲೇ ಹೇಳಿಡಿ, ಕನ್ನಡಿಯ ಮುಂದೆ ಅವಳು ಒಬ್ಬಳೇ ಕಂಡು ಹೆದರುವುದು ಬೇಡ. ನೆಂಟರಿಷ್ಟರಿಗೂ ಹೇಳಿಡಿ. "ಮೈ ಕೈ ತುಂಬಿಕೊಂಡಿ" ಎಂದು ಹೊಗಳಿದ ಒಬ್ಬ ಅತ್ತೆಯಿಂದ ನಮ್ಮ ಹುಡುಗಿ ಮೂರು ದಿನ ಊಟ ಬಿಟ್ಟಳು.

ಜಠರ ನಿಧಾನವಿರುವಾಗ ಅಳತೆ ಸಣ್ಣದಿರಬೇಕು, ಸತ್ವ ಹೆಚ್ಚಿರಬೇಕು. ಸೊಪ್ಪಿನ ರಾಶಿ, ನೀರು ಮಜ್ಜಿಗೆ ಹೊಟ್ಟೆ ತುಂಬಿಸುತ್ತವೆ, ತೂಕ ಕೊಡುವುದಿಲ್ಲ. ನಾವು ಮಾಡುತ್ತಿದ್ದದ್ದು ಹೀಗೆ: ಅಕ್ಕಿ ನುಚ್ಚು ಮೆತ್ತಗೆ ಬೇಯಿಸಿ, ಕೆನೆಮೊಸರು ಕಲಸಿ, ಒಂದು ಚಮಚ ತುಪ್ಪ ಮೇಲೆ. ಜೋಳದ ರೊಟ್ಟಿಯ ಮಗ್ಗುಲಿಗೆ ಎಣ್ಣೆ ಹಾಕಿದ ಶೇಂಗಾ ಹಿಂಡಿ. ನಾಲ್ಕು ಗಂಟೆಗೆ ಒಂದು ಉಂಡಿ. ಉಂಡಿಗೆ ಒಂದು ಬಟ್ಟಲು ಹುರಿದು ಸಿಪ್ಪೆ ತೆಗೆದ ಶೇಂಗಾ, ಕಾಲು ಬಟ್ಟಲು ಹುರಿದ ಎಳ್ಳು, ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ, ಎರಡು ಚಮಚ ಬಿಸಿ ತುಪ್ಪ, ಎರಡು ಏಲಕ್ಕಿ. ಶೇಂಗಾ ಎಳ್ಳು ತರಿತರಿಯಾಗಿ ಕುಟ್ಟಿ, ಬೆಲ್ಲ ಬೆರೆಸಿ ಮತ್ತೆ ಕುಟ್ಟಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ, ತುಪ್ಪ ಹಾಕಿ ಬಿಸಿಯಿರುವಾಗಲೇ ಕಟ್ಟಿರಿ. ಪಾಕ ಬೇಡ. ಎಷ್ಟು ಉಂಡಿ ಎಂಬುದನ್ನು ನೀವು ಎಣಿಸಿ, ಅವಳು ಎಣಿಸುವುದು ಬೇಡ.

ದೇವದುರ್ಗದಿಂದ ಪ್ರತಿ ಸಲ ಬೆಂಗಳೂರಿಗೆ ಹೋಗುವುದು ಹಗುರದ ಮಾತಲ್ಲ. ರಾಯಚೂರಿನ ರಿಮ್ಸ್‌ನಲ್ಲಿ ಮನೋವೈದ್ಯ ವಿಭಾಗವಿದೆ, ನಡುವಿನ ತಪಾಸಣೆ ಅಲ್ಲಿ ಆದೀತೇ ಎಂದು ಬೆಂಗಳೂರಿನವರನ್ನೇ ಕೇಳಿ ಚೀಟಿ ಬರೆಸಿಕೊಳ್ಳಿ. ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಹದಿಹರೆಯದವರಿಗೆಂದೇ ಇರುವುದು. 2022ರ ಅಕ್ಟೋಬರಿನಿಂದ ಟೆಲಿ ಮನಸ್ ಎಂಬ ಸರ್ಕಾರಿ ಫೋನು ಸೇವೆ ಇದೆ, 14416ಕ್ಕೆ ಮಾಡಿದರೆ ಹಗಲಿರುಳು ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಒಲೆಯ ಮುಂದೆ ಅವಳು ಅಳುವಾಗ ನಿಮಗೂ ಮಾತಾಡಲು ಒಬ್ಬರು ಬೇಕಲ್ಲ.

ಕಡೆಯದು, ಶ್ರಾವಣ ಸೋಮವಾರ. ಬೇಡ. ಈ ವರ್ಷ ಬೇಡ, ವೈದ್ಯರು ಹೂಂ ಅನ್ನುವ ತನಕ ಬೇಡ. ಒಂದು ದಿನದ ಉಪವಾಸದಿಂದ ಏನಾಗುತ್ತದೆ ಅನ್ನಬೇಡಿ, ನಮ್ಮ ಹುಡುಗಿಯ ರೋಗ ಆ ಬಾಗಿಲಿನಿಂದಲೇ ಒಳಗೆ ಬಂದದ್ದು. ಅತ್ತೆಯವರು ಒಪ್ಪದಿದ್ದರೆ ಹೀಗೆ ಕೇಳಿ ನೋಡಿ: ಬಾಣಂತಿಗೆ, ಜ್ವರದವರಿಗೆ ನಮ್ಮಲ್ಲಿ ಉಪವಾಸ ಮಾಡಿಸುತ್ತಾರೆಯೇ? ತಂಗಿಯ ಅತ್ತೆ ಕಡೆಗೆ ತಾವೇ ಒಂದು ದಾರಿ ಹುಡುಕಿದರು. ಮೊಮ್ಮಗಳ ಸೋಮವಾರವನ್ನು ತಾವು ಹಿಡಿದರು, ಅವಳು ಬೆಳಿಗ್ಗೆ ತಿಂಡಿ ತಿಂದು ಅವರ ಜೊತೆ ಗುಡಿಗೆ ಹೋಗಿ ಬಿಲ್ವಪತ್ರಿ ಏರಿಸಿ ಬಂದಳು. ಬಂದ ಮೇಲೆ ಹತ್ತೂವರೆಯ ಬಾಳೆಹಣ್ಣು, ಹಾಲು.

ಹೋದ ತಿಂಗಳು ಅವಳು ರಾಯಚೂರಿಗೆ ಬಂದಿದ್ದಳು. ಮಧ್ಯಾಹ್ನ ನಾನು ಇನ್ನೂ ರೊಟ್ಟಿ ಬಡಿಯುತ್ತಿದ್ದೆ, ಅಡಿಗೆಮನೆಯ ಬಾಗಿಲಲ್ಲಿ ನಿಂತು "ದೊಡ್ಡವ್ವ, ಇನ್ನಾ ಎಷ್ಟೊತ್ತು? ಹಸಿವಾಗ್ಯಾದ" ಅಂದಳು. ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ಉಪ್ಪಿನಕಾಯಿಗೆ ಬೂಸು ಹಿಡಿದವರಿಗೆ ಉತ್ತರ ಮುಂದಿನ ಸಂಚಿಕೆಯಲ್ಲಿ.